ಗಾಳಿ ಹಿಡಿದ ಹೊಸ ಗಾಡಿ

ದೆವ್ವ, ಗಾಳಿ, ದೃಷ್ಟಿ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಬಂದಿದೆ ಎಂದೂ ಹೇಳಲಾರೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ನಗರಗೆರೆ ಹೋಬಳಿಯ ನಮ್ಮ ಹಳ್ಳಿಯಿಂದ ಗೌರಿಬಿದನೂರಿಗೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ, ಭೌತಶಾಸ್ತ್ರ ಕೈಕೊಟ್ಟಾಗಲೂ ಬಿಡದೆ ಮತ್ತೆ ಕಟ್ಟಿ, ಬಿ.ಎಸ್ಸಿ. ಪಾಸು ಮಾಡಿದವನು. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಯಾರೋ ಒಂದು ನಿಂಬೆಹಣ್ಣು ನಿವಾಳಿಸಿ ಪಕ್ಕಕ್ಕೆ ಸರಿಸುವುದು ನನಗೆ ಸಹಿಸಲು ಆಗುತ್ತಿರಲಿಲ್ಲ. ಆದ್ದರಿಂದ ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಯಾರನ್ನೂ ನಂಬಿಸಲು ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ನಮ್ಮ ಕಡೆ ಎಲ್ಲರ ಕೈಗೂ ಮೊಬೈಲ್ ಬಂದಿರದ ಕಾಲ. ಅಂಗಡಿಗಳ ಮುಂದೆ ಒಂದು ರೂಪಾಯಿ ಹಾಕಿ ಮಾತಾಡುವ ಕಾಯಿನ್ ಬಾಕ್ಸ್ ಫೋನು ನೇತುಹಾಕಿರುತ್ತಿದ್ದರು. ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಬೇಸತ್ತು ನಾನು ಒಂದು ಪಿಕಪ್ ಗಾಡಿ ತೆಗೆದುಕೊಂಡಿದ್ದೆ. ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ಕಿತ್ತಿರದ ಹೊಚ್ಚಹೊಸ ಗಾಡಿ. ‘ಡಿಗ್ರಿ ಓದಿ ಡ್ರೈವರ್ ಆದ’ ಎಂದು ಆಡಿಕೊಂಡವರು ಊರಲ್ಲಿ ಇದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡಿ ನನ್ನದು, ಓಡಿಸುವವನೂ ನಾನೇ.

ಮನೆಯ ಮುಂದೆ ಪೂಜೆ ಆಯಿತು. ಬಂದ ನೆಂಟರಿಗೆಲ್ಲ ಬಾನೆಟ್ ಎತ್ತಿ ಎಂಜಿನ್ ತೋರಿಸಿದೆ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದಕ್ಕೆ ಮಾತ್ರ ಒಪ್ಪಿಕೊಂಡೆ, ಅದೂ ಅಮ್ಮನ ಮುಖ ನೋಡಿ.

ಒಂದು ತಿಂಗಳೂ ಕಳೆದಿರಲಿಲ್ಲ, ಗಾಡಿ ತೊಂದರೆ ಕೊಡಲು ಶುರುಮಾಡಿತು. ಚೆನ್ನಾಗಿ ಓಡುತ್ತಿರುವಾಗಲೇ ಎಳೆತ ಕಡಿಮೆಯಾಗಿ, ಎರಡು ಸಲ ಕೆಮ್ಮಿದ ಹಾಗೆ ಮಾಡಿ ನಿಂತುಬಿಡುವುದು. ಒಮ್ಮೆ ಅಲೀಪುರದ ಹತ್ತಿರ ನಿಂತಿತು, ಇನ್ನೊಮ್ಮೆ ನಮ್ಮೂರ ಕೆರೆ ಏರಿಯ ಮೇಲೆ. ಡೀಸೆಲ್‌ನಲ್ಲಿ ಕಲಬೆರಕೆ ಇರಬಹುದೆಂದು ಬಂಕ್ ಬದಲಾಯಿಸಿದೆ. ಫಿಲ್ಟರಿನ ನೀರು ಇಳಿಸಿದೆ. ಬ್ಯಾಟರಿ ವೈರುಗಳನ್ನು ಬಿಗಿಮಾಡಿದೆ. ಟ್ಯಾಂಕಿನ ಮುಚ್ಚಳ ತೆಗೆದು ಓಡಿಸಿಯೂ ನೋಡಿದೆ. ಸರ್ವಿಸ್ ಸೆಂಟರಿಗೆ ಬಿಟ್ಟರೆ ಅಲ್ಲಿ ಅದು ಒಳ್ಳೆ ಮಗುವಿನ ಹಾಗೆ ತಕರಾರಿಲ್ಲದೆ ಓಡುತ್ತಿತ್ತು. ‘ಹೊಸ ಗಾಡಿ ಅಲ್ವಾ ಸಾರ್, ಸೆಟ್ ಆಗ್ಬೇಕು’ ಎಂದು ಕಳಿಸಿದರು.

ಅಕ್ಕನ ರೇಷ್ಮೆ ಗೂಡು ಮಾರುಕಟ್ಟೆಗೆ ಹೋಗಬೇಕಾಗಿದ್ದದ್ದು ಅದೇ ವಾರ. ಅವಳು ಒಬ್ಬಳೇ ನಿಂತು ಸಾಕಿದ ಮೊದಲ ಬೆಳೆ ಅದು. ಹುಳುಗಳು ಸೊಪ್ಪು ತಿನ್ನುವ ದಿನಗಳಲ್ಲಿ ಅವಳು ನೆಟ್ಟಗೆ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಗೂಡು ಬಿಡಿಸಿದ ಮೇಲೆ ಕಾಯುವ ಹಾಗಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬಂದರೆ ಆ ಗೂಡಿನಿಂದ ನೂಲು ಬರುವುದಿಲ್ಲ, ಹರಾಜಿನಲ್ಲಿ ಯಾರೂ ಕೂಗುವುದೂ ಇಲ್ಲ. ನನ್ನ ಗಾಡಿ ಸರ್ವಿಸ್ ಸೆಂಟರಿನಿಂದ ಮನೆಗೆ ಬರುವ ಹೊತ್ತಿಗೆ ಆಗಲೇ ತಡವಾಗಿತ್ತು. ಬೇರೆ ಗಾಡಿ ಮಾಡೋಣ ಎಂದರೆ ಅಕ್ಕ ಒಪ್ಪಲಿಲ್ಲ.

“ತಮ್ಮನ ಗಾಡಿ ಮನೆ ಮುಂದೆ ಇಟ್ಕೊಂಡು ಬೇರೆಯೋರ್ದಕ್ಕೆ ಹೋಗ್ಲೇನೋ?” ಎಂದಳು.

ಬೆಳಗ್ಗೆ ಬೇಗನೆ ಹೊರಟೆವು. ಗೌರಿಬಿದನೂರು ದಾಟಿತು, ತೊಂಡೇಬಾವಿಗೆ ತಿರುಗುವ ರಸ್ತೆಯೂ ದಾಟಿತು. ಬಿಸಿಲು ಎಳೆಯದಾಗಿತ್ತು, ರಸ್ತೆ ಖಾಲಿ ಇತ್ತು. ಇನ್ನೇನು ಚಿಕ್ಕಬಳ್ಳಾಪುರ, ಆಮೇಲೆ ಶಿಡ್ಲಘಟ್ಟ ಎಂದುಕೊಳ್ಳುವಷ್ಟರಲ್ಲಿ ಒಂದು ಏರಿನಲ್ಲಿ ಗಾಡಿ ಕೆಮ್ಮಿತು. ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದೆ, ಹಿಡಿಯಿತು. ಒಂದಿಷ್ಟು ದೂರ ಹೋಗಿ ಮತ್ತೆ ನಿಂತಿತು. ಹೀಗೆ ತೆವಳಿಕೊಂಡು ರಸ್ತೆ ಪಕ್ಕದ ಒಂದು ಟೀ ಅಂಗಡಿಯ ಮುಂದೆ ಬಂದಾಗ ಪೂರ್ತಿ ಸುಮ್ಮನಾಯಿತು.

ಟೀ ಅಂಗಡಿಯವರು ಸೌಟು ಕೈಯಲ್ಲಿ ಹಿಡಿದೇ ಬಂದು ಗಾಡಿಯನ್ನು ಒಂದು ಸುತ್ತು ಹಾಕಿದರು. “ಹೊಸದೇ ಹಿಂಗಾದ್ರೆ, ಹಳೇದ್ ತಗೊಂಡಿದ್ರೆ ಏನ್ ಗತಿ ಸ್ವಾಮಿ ನಿಮ್ದು?” ಎಂದರು. ಅಕ್ಕ ಹಿಂದಕ್ಕೆ ಹೋಗಿ ಚೀಲದೊಳಗೆ ಕೈಹಾಕಿ ನೋಡಿದಳು. ಗೂಡು ಬಿಸಿಯಾಗುತ್ತಿದೆ ಎಂದಳು. ಹೋಗುತ್ತಿದ್ದ ಎರಡು ಲಾರಿಗಳಿಗೆ ಕೈ ಅಡ್ಡ ಹಾಕಿದಳು, ನಿಲ್ಲಿಸಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಯಾರ ಕಣ್ಣೋ ಬಿದ್ದೈತೆ ಕಣೋ. ಅಂಗಡೀಲಿ ನಿಂಬೆಹಣ್ಣು ಐತೆ, ನಿವಾಳಿಸ್ಲಾ?”

“ಸುಮ್ನಿರಕ್ಕ. ನಿಂಬೆಹಣ್ಣಿಗೆ ಎಂಜಿನ್ ಓಡಲ್ಲ.”

“ನಿನ್ ಓದಿಗೂ ಓಡ್ತಿಲ್ವಲ್ಲೋ.”

ಅಂಗಡಿಯ ಕಾಯಿನ್ ಬಾಕ್ಸಿನಿಂದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಅದು ತೆರೆಯುವ ಹೊತ್ತಲ್ಲ ಎಂದು ನನಗೆ ಗೊತ್ತಿತ್ತು. ಬೇರೆ ಏನೂ ತೋಚಲಿಲ್ಲ, ಮಾಡಿದೆ.

ಮೊದಲ ರಿಂಗಿಗೇ ಎತ್ತಿದರು. ಕಂಪನಿ ಹೆಸರು ಹೇಳಲಿಲ್ಲ. “ಹೇಳು ನಾಯನಾ” ಎಂದಿತು ಒಂದು ವಯಸ್ಸಾದ ಗಂಡು ದನಿ. ನಮ್ಮ ಗಡಿ ಕಡೆಯ ತೆಲುಗು ಮಾತಿನ ಹಿರಿಯರು ಮಕ್ಕಳನ್ನು ಹಾಗೆ ಕರೆಯುತ್ತಾರೆ. ವಾಚ್‌ಮನ್ ಇರಬೇಕೆಂದುಕೊಂಡು ಗಾಡಿ ನಿಂತದ್ದನ್ನು ಹೇಳಿದೆ.

“ಸ್ಟಾರ್ಟರ್ ತಿರುಗ್ತದಾ?”

“ತಿರುಗ್ತದೆ, ಎಂಜಿನ್ ಹಿಡಿಯಲ್ಲ. ಸ್ವಲ್ಪ ಹೊತ್ತು ಬಿಟ್ರೆ ಹಿಡಿದು ಮತ್ತೆ ನಿಲ್ತದೆ.”

“ನಿನ್ ಗಾಡಿಗೆ ಗಾಳಿ ಹಿಡಿದೈತೆ ಕಣಪ್ಪಾ.”

ನನಗೆ ಮೈ ಉರಿದುಹೋಯಿತು. “ಸಾರ್, ನಾನು ಸರ್ವಿಸ್ ಸೆಂಟರಿಗೆ ಫೋನ್ ಮಾಡಿರೋದು, ಮಂತ್ರ ಹಾಕೋರಿಗಲ್ಲ” ಎಂದೆ.

ಅವರು ನಕ್ಕರು. “ಬಿ.ಎಸ್ಸಿ. ಮಾಡಿದೋನು, ನಿಂಗೆ ನಾನ್ ಹೇಳ್ಬೇಕಾ? ಡೀಸೆಲ್ ಪೈಪ್‌ನಾಗೆ ಗಾಳಿ ಸೇರ್ಕೊಂಡ್ರೆ ಎಂಜಿನ್ ನಿಲ್ದೆ ಇನ್ನೇನ್ ಮಾಡ್ತದೆ? ಫಿಲ್ಟರ್ ಹಿಂದೆ, ಕೆಳಗಡೆ ಕೈಹಾಕು. ನಿಮ್ಮಮ್ಮ ಅರಿಶಿನದ ಕೊಂಬು ಕಟ್ಟವ್ಳೆ. ಆ ದಾರ ಪೈಪನ್ನ ಎಳೀತಾ ಐತೆ. ಕೊಯ್ಬೇಡ, ಬಿಚ್ಚು. ಪೈಪ್ ಒತ್ತಿ ಕೂರ್ಸಿ, ಕೈಪಂಪ್ ಒತ್ತಿ ಗಾಳಿ ಬಿಡ್ಸು.”

ಅಷ್ಟರಲ್ಲಿ ಫೋನು ಕೂಗಿಕೊಂಡು ಕಟ್ ಆಯಿತು. ಇನ್ನೊಂದು ನಾಣ್ಯ ಹಾಕಿ ಸರ್ವಿಸ್ ಸೆಂಟರಿನ ನಂಬರು ಮತ್ತೆ ಒತ್ತಿದೆ. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

“ಏನಂದ್ರೋ?” ಎಂದಳು ಅಕ್ಕ.

“ಗಾಳಿ ಹಿಡಿದಿದೆಯಂತೆ.”

ಅಕ್ಕ ಮರುಮಾತಾಡದೆ ಅಂಗಡಿಯೊಳಗೆ ಹೋಗಿ ನಿಂಬೆಹಣ್ಣು ತೆಗೆದುಕೊಂಡಳು. ಅದು ಆ ಗಾಳಿಯಲ್ಲ ಎಂದು ಅವಳಿಗೆ ಬಿಡಿಸಿ ಹೇಳುವ ವ್ಯವಧಾನ ನನಗಿರಲಿಲ್ಲ. ಬಾನೆಟ್ ಎತ್ತಿ ಫಿಲ್ಟರಿನ ಹಿಂದೆ ಕೈಹಾಕಿದೆ. ಕಣ್ಣಿಗೆ ಕಾಣದ ಜಾಗ ಅದು. ಬೆರಳಿಗೆ ಮೊದಲು ಸಿಕ್ಕಿದ್ದು ದಾರದ ಗಂಟು, ಆಮೇಲೆ ಕೊಂಬು. ಡೀಸೆಲ್ ಬರುವ ರಬ್ಬರ್ ಪೈಪನ್ನು ಪಕ್ಕದ ಕಬ್ಬಿಣಕ್ಕೆ ಸೇರಿಸಿ, ಕಳಸದ ಕೊರಳಿಗೆ ಕಟ್ಟುವ ಹಾಗೆ ಬಿಗಿಯಾಗಿ ಕಟ್ಟಿತ್ತು. ಎಂಜಿನ್ ಅದುರಿದಾಗಲೆಲ್ಲ ದಾರ ಜಗ್ಗಿ, ಪೈಪು ತನ್ನ ಜೋಡಣೆಯಿಂದ ಒಂದಿಷ್ಟು ಹೊರಗೆ ಸರಿದಿತ್ತು. ಡೀಸೆಲ್ ಸೋರುವಷ್ಟಲ್ಲ, ಗಾಳಿ ನುಗ್ಗುವಷ್ಟು.

ಟೀ ಅಂಗಡಿಯವರು ಚಾಕು ತಂದು ಕೊಡಲು ಬಂದರು, ಬೇಡ ಎಂದೆ. ಉಗುರಿನಿಂದ ಕೆದಕಿ ಗಂಟು ಬಿಚ್ಚಿದೆ. ಪೈಪು ಒತ್ತಿ ಕೂರಿಸಿ ಕ್ಲಿಪ್ ಸರಿಮಾಡಿದೆ. ಫಿಲ್ಟರಿನ ಮೇಲಿನ ಕೈಪಂಪನ್ನು ಗಟ್ಟಿಯಾಗುವ ತನಕ ಒತ್ತಿದೆ. ಗಾಡಿಯ ಹಿಂದೆ ಅಕ್ಕ ನಿವಾಳಿಸಿದ ಹಣ್ಣನ್ನು ರಸ್ತೆಗೆ ಎಸೆಯುವುದಕ್ಕೂ ನಾನು ಕೀ ತಿರುಗಿಸುವುದಕ್ಕೂ ಸರಿಹೋಯಿತು. ಎಂಜಿನ್ ಹಿಡಿಯಿತು. ಮತ್ತೆ ಕೆಮ್ಮಲಿಲ್ಲ.

“ನೋಡ್ದಾ?” ಎಂದಳು ಅಕ್ಕ.

ಶಿಡ್ಲಘಟ್ಟ ತಲುಪಿದಾಗ ಹರಾಜು ಇನ್ನೂ ನಡೆಯುತ್ತಿತ್ತು. ಅಕ್ಕನ ಗೂಡನ್ನು ಕೂಗಿದರು, ಒಳ್ಳೆಯ ರೇಟಿಗೇ ಕೂಗಿದರು. ತೂಕವಾಗಿ ಚೀಲಗಳು ಖಾಲಿಯಾದ ಮೇಲೆ ಅವಳು ಮಾರುಕಟ್ಟೆಯ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಅಲ್ಲೇ ಗೋಡೆಗೆ ಒರಗಿ ನಿದ್ದೆಹೋದಳು. ಹೋಟೆಲಿನಿಂದ ತಂದ ಇಡ್ಲಿ ಪೊಟ್ಟಣ ಹಿಡಿದು ಅವಳು ಏಳುವ ತನಕ ಪಕ್ಕದಲ್ಲಿ ನಿಂತಿದ್ದೆ. ಎದೆಯ ಮೇಲಿಂದ ಒಂದು ಕಲ್ಲು ಇಳಿದ ಹಾಗಿತ್ತು. ಆಗ, ಆ ನೆಮ್ಮದಿಯಲ್ಲಿ ನಿಂತಿರುವಾಗ, ಒಂದು ಪ್ರಶ್ನೆ ತಲೆಗೆ ಬಂತು. ನಾನು ಬಿ.ಎಸ್ಸಿ. ಎಂದು ಫೋನಿನಲ್ಲಿ ಮಾತಾಡಿದವರಿಗೆ ಯಾವಾಗ ಹೇಳಿದೆ?

ವಾಪಸು ಬರುವಾಗ ಸರ್ವಿಸ್ ಸೆಂಟರಿಗೆ ಸಿಹಿ ತೆಗೆದುಕೊಂಡು ಹೋದೆ. ನಾನು ಫೋನ್ ಮಾಡಿದ ಹೊತ್ತಿಗೆ ಬೀಗ ತೆಗೆದೇ ಇರಲಿಲ್ಲ ಎಂದರು. ವಾಚ್‌ಮನ್ ಚಿಕ್ಕ ವಯಸ್ಸಿನವನು, ತೆಲುಗು ಬಾರದವನು. ಫೋನು ಇರುವುದು ಬೀಗದ ಒಳಗೆ. ಅವಸರದಲ್ಲಿ ನಂಬರು ತಪ್ಪಿ ಒತ್ತಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಸರಿ, ತಪ್ಪು ನಂಬರಿಗೆ ಹೋಯಿತು ಎಂದೇ ಇಟ್ಟುಕೊಳ್ಳೋಣ. ಡೀಸೆಲ್ ಎಂಜಿನ್ ಬಲ್ಲ ಯಾರೋ ಹಿರಿಯರು ಎತ್ತಿದರು ಎಂದೂ ಇಟ್ಟುಕೊಳ್ಳೋಣ. ಗಾಳಿ ಸೇರಿದೆ ಎಂದು ಅವರು ಊಹಿಸಬಹುದು. ಆದರೆ ಕೊಂಬು?

ಮನೆಗೆ ಬಂದು ಅಮ್ಮನ ಮುಂದೆ ಕೊಂಬು ಇಟ್ಟೆ. ಅಮ್ಮ ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ನೋಡಿದಳು.

“ನೀನು ಎಲ್ರಿಗೂ ಎಂಜಿನ್ ತೋರಿಸ್ತಿದ್ಯಲ್ಲ, ಬಾನೆಟ್ ತೆಗ್ದೇ ಇತ್ತು, ನೀವೆಲ್ಲ ಊಟಕ್ಕೆ ಕೂತಾಗ ಬಂದು ಕಟ್ದೆ ಕಣಪ್ಪ. ಹೇಳಿದ್ರೆ ನೀನು ಕಿತ್ತು ಬಿಸಾಕ್ತಿದ್ದೆ ಅಂತ ಯಾರಿಗೂ ಹೇಳ್ಲಿಲ್ಲ. ನಿಂಗ್ಯಾರು ಹೇಳಿದ್ದು?”

ಫೋನಿನಲ್ಲಿ ಯಾರೋ ಹಿರಿಯರು ಎಂದೆ. ಅವರು ಯಾರೆಂದು ಇಂದಿಗೂ ಗೊತ್ತಿಲ್ಲ. ಹೊಸ ಗಾಡಿಗೆ ಏನಾಗಿತ್ತು ಎಂದು ಯಾರಾದರೂ ಕೇಳಿದರೆ, ಗಾಳಿ ಹಿಡಿದಿತ್ತು, ಬಿಡಿಸಿದೆ ಎನ್ನುತ್ತಿದ್ದೆ. ಮೆಕ್ಯಾನಿಕ್ಕುಗಳು ತಲೆಯಾಡಿಸುತ್ತಿದ್ದರು, ಊರಿನ ಮುದುಕಿಯರೂ ತಲೆಯಾಡಿಸುತ್ತಿದ್ದರು. ಯಾರನ್ನೂ ನಾನು ತಿದ್ದಲು ಹೋಗಲಿಲ್ಲ.

ಅಮ್ಮ ಆ ಕೊಂಬನ್ನು ಹೊಸ ದಾರದಲ್ಲಿ ಸ್ಟೀರಿಂಗ್ ಹತ್ತಿರ ಕಟ್ಟಿದಳು, ನಾನು ಬೇಡ ಎನ್ನಲಿಲ್ಲ. ಎಷ್ಟೋ ವರ್ಷ ದುಡಿದು ಹಳತಾದ ಮೇಲೆ ಆ ಪಿಕಪ್ಪನ್ನು ಚಿಂತಾಮಣಿಯ ಒಬ್ಬ ಟೊಮೆಟೊ ವ್ಯಾಪಾರಿಗೆ ಕೊಟ್ಟೆ. ಕೀ ಕೊಡುವ ಮೊದಲು ಕೊಂಬನ್ನು ತೆಗೆಯಲು ಹೋದೆ. ದಾರ ಎಣ್ಣೆ, ಧೂಳು ಕುಡಿದು ಕಲ್ಲಾಗಿತ್ತು. ವ್ಯಾಪಾರಿ ಬ್ಲೇಡು ಚಾಚಿದ. ಬೇಡ ಎಂದು, ಅವನನ್ನು ಬಿಸಿಲಿನಲ್ಲಿ ಕಾಯಿಸಿ, ಉಗುರಿನಿಂದಲೇ ಬಿಚ್ಚಿದೆ.