ಆಟೋ ಬಾರದ ರಸ್ತೆಗೆ ಬಂದ ಆಟೋ

ದೆವ್ವ, ಪೀಡೆ, ಸತ್ತವರು ಕಣ್ಣಿಗೆ ಬೀಳುವುದು, ಇದನ್ನೆಲ್ಲ ನಾನು ನಂಬಿದವನಲ್ಲ. ಶಹಾಪುರದಲ್ಲಿ ಇಪ್ಪತ್ತು ವರ್ಷದಿಂದ ಆಟೋ ರಿಪೇರಿ ಮಾಡಿಕೊಂಡಿದ್ದೇನೆ. ‘ಗಾಡಿಗೆ ಏನೋ ಹೊಕ್ಕಿದೆ’ ಎಂದು ನಿಂಬೆಹಣ್ಣು ಕಟ್ಟಿಕೊಂಡು ಬಂದವರಿಗೆ ಕಾರ್ಬೊರೇಟರ್ ಬಿಚ್ಚಿ, ಒಳಗಿನ ಕಸ ತೋರಿಸಿ, ನಾಲ್ಕು ಮಾತು ಬೈದು ಕಳಿಸಿದವನು ನಾನು. ಅಂಥವನಿಗೇ ಹೀಗಾಯಿತೆಂದರೆ ಯಾರು ನಂಬುತ್ತಾರೆ? ನೀವೂ ನಂಬಬೇಕೆಂದೇನಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ನಮ್ಮ ಕಡೆ ಓಡುವಂಥ ಮೂರು ಗಾಲಿಯ ಆಟೋಗಳು ಹಡಗು ಹತ್ತಿ ಗ್ವಾಟೆಮಾಲಾ ಎಂಬ ದೇಶಕ್ಕೂ ಹೋಗುತ್ತವೆ. ಅಲ್ಲಿಯ ಮೆಕ್ಯಾನಿಕ್ಕುಗಳಿಗೆ ಕೆಲಸ ಕಲಿಸಲು ಕೈ ಪಳಗಿದ ಒಬ್ಬ ಬೇಕಾಗಿದ್ದಾನೆಂದು ಯಾದಗಿರಿಯ ಪರಿಚಯದವರೊಬ್ಬರು ನನ್ನ ಹೆಸರು ಹೇಳಿದರು. ಆರು ವಾರದ ಕೆಲಸ. ಅಲ್ಲಿಯವರೆಗೆ ನಾನು ಹೈದರಾಬಾದ್ ದಾಟಿದವನಲ್ಲ. ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, “ಅಲ್ಲಿ ಯಾರ ಜೋಡಿನೂ ಜಗಳಾ ತೆಗೀಬ್ಯಾಡ್ರಿ, ನಿಮ್ಮ ಬಾಯಿ ಸುಮ್ಮನಿರಂಗಿಲ್ಲ” ಎಂದಳು. ಭಾಷೆಯೇ ಬಾರದ ಊರಿನಲ್ಲಿ ಜಗಳ ಹೇಗೆ ತೆಗೆಯುವುದು ಮಾರಾಯ್ತಿ ಎಂದು ನಕ್ಕುಬಿಟ್ಟೆ.

ಗ್ವಾಟೆಮಾಲಾ ಸಿಟಿಯಲ್ಲಿ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದವಳು ಮಾರ್ತಾ ಎಂಬ ಹೆಂಗಸು. ನನ್ನ ವಯಸ್ಸಿನವಳು, ಗಟ್ಟಿಗಿತ್ತಿ. ಅವಳದೂ ಹರಕು ಇಂಗ್ಲಿಷ್, ನನ್ನದೂ ಹರಕು ಇಂಗ್ಲಿಷ್, ಆದ್ದರಿಂದ ಚೆನ್ನಾಗಿ ಹೊಂದಿಕೊಂಡಿತು. ಮೊದಲ ದಿನವೇ ಕೂರಿಸಿಕೊಂಡು ಹೇಳಿದಳು: ಊರು ಚಂದ, ಜನ ಒಳ್ಳೆಯವರು, ಆದರೆ ಹೊಸಬರಿಗೆ ಯಾವ ಬೀದಿ ಎಂಥದೆಂದು ಗೊತ್ತಾಗುವುದಿಲ್ಲ. ಬೀದಿಯಲ್ಲಿ ಕೈ ತೋರಿಸಿ ಟ್ಯಾಕ್ಸಿ ನಿಲ್ಲಿಸಬೇಡ, ನಾನು ಕರೆಸಿದ ಟ್ಯಾಕ್ಸಿಯಲ್ಲೇ ಕೂಡು. ಹಳೆಯ ಕೆಂಪು ಬಸ್ಸು ಹತ್ತಬೇಡ. ರಸ್ತೆಯಲ್ಲಿ ಫೋನ್ ಹೊರಗೆ ತೆಗೆಯಬೇಡ, ಯಾರಾದರೂ ಕೇಳಿದರೆ ಮರುಮಾತಿಲ್ಲದೆ ಕೊಟ್ಟುಬಿಡು. ಸಂಜೆ ಐದರ ಮೇಲೆ ಒಬ್ಬನೇ ನಡೆದು ತಿರುಗಬೇಡ. ನಾನು ಹೂಂ ಎಂದೆ. ಮನಸ್ಸಿನಲ್ಲಿ ಮಾತ್ರ, ಯಾದಗಿರಿ ಸ್ಟೇಷನ್ನಿನಲ್ಲಿ ಹನ್ನೆರಡು ಮಂದಿಯ ನಡುವೆ ನುಗ್ಗಿ ಆಟೋ ಹಿಡಿಯುವವನಿಗೆ ಇದೆಂಥ ಪಾಠ ಎಂದುಕೊಂಡೆ.

ನಾಲ್ಕನೆಯ ಭಾನುವಾರ ಮಾರ್ತಾ ಕರೆಸಿದ ಟ್ಯಾಕ್ಸಿಯಲ್ಲೇ ಒಂದು ಸಂತೆಗೆ ಹೋದೆ. ನಾಲ್ಕಕ್ಕೆ ಅದೇ ಟ್ಯಾಕ್ಸಿ ಬರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಎದುರಿನ ಏರಿನ ಮೇಲೆ ನಮ್ಮ ಆಟೋಗಳು ಸಾಲಾಗಿ ಏರುವುದು ಕಂಡಿತು. ಊರಿನ ನಡುವೆ ಅವುಗಳನ್ನು ಬಿಡುವುದಿಲ್ಲ, ಇಂಥ ಅಂಚಿನ ಓಣಿಗಳಲ್ಲಿ ಮಾತ್ರ ಓಡುತ್ತವೆ. ಬುದ್ಧಿಗೇಡಿ ನಾನು, ಆ ಏರಿನಲ್ಲಿ ಕ್ಲಚ್ ಹೇಗೆ ತಡೆಯುತ್ತದೆ ನೋಡೋಣವೆಂದು ಅವುಗಳ ಹಿಂದೆಯೇ ಕಾಲು ಹಾಕಿದೆ. ಎರಡು ತಿರುವು ದಾಟುವಷ್ಟರಲ್ಲಿ ದಾರಿ ತಪ್ಪಿತು. ಒಂದು ಓಣಿ ಇಳಿದರೆ ಕೆಳಗೆ ಕಮರಿ, ಇನ್ನೊಂದು ಏರಿದರೆ ಗೋಡೆ. ಆಟೋಗಳೂ ಇಲ್ಲ, ಸಂತೆಯ ಸದ್ದೂ ಇಲ್ಲ.

ಐದು ದಾಟಿತ್ತು. ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರು ನನ್ನ ಪಕ್ಕದಲ್ಲೇ ಹಾದುಹೋದರು. ಸ್ವಲ್ಪ ಹೊತ್ತಿಗೆ ಅವರೇ ಎದುರಿನಿಂದ ಬಂದರು, ಈ ಸಲ ನಿಧಾನವಾಗಿ, ನನ್ನ ಕಾಲಿನಿಂದ ತಲೆಯವರೆಗೆ ನೋಡುತ್ತ. ಮೂರನೆಯ ಸಲ ಓಣಿಯ ಬಾಯಲ್ಲಿ ನಿಂತೇಬಿಟ್ಟರು, ಇಂಜಿನ್ ಬಂದ್ ಮಾಡಲಿಲ್ಲ. ಮಾರ್ತಾಳಿಗೆ ಫೋನ್ ಮಾಡಬೇಕೆಂದರೆ ಫೋನ್ ಹೊರಗೆ ತೆಗೆಯಬೇಕು. ತೆಗೆದರೆ ಮುಗಿಯಿತು. ಒಂದೊಂದು ಮನೆಯ ಕಿಟಕಿಯೂ ಮುಚ್ಚುತ್ತಿತ್ತು. ನನ್ನ ಹೆಣ ಶಹಾಪುರಕ್ಕೆ ಹೇಗೆ ಒಯ್ಯುತ್ತಾರೋ ಎನ್ನುವವರೆಗೆ ಯೋಚನೆ ಹೋಯಿತು. ಸುಳ್ಳೇಕೆ ಹೇಳಲಿ, ಅಷ್ಟು ಹೆದರಿದ್ದೆ.

ಆಗ ಹಿಂದಿನಿಂದ ಆಟೋ ಬಂತು. ನನ್ನ ಪಕ್ಕದಲ್ಲೇ ನಿಂತಿತು. ನಾನು ಕೈ ತೋರಿಸಿರಲಿಲ್ಲ. ಮಾರ್ತಾಳ ಮಾತೆಲ್ಲ ಮರೆತು ಒಳಗೆ ಹಾರಿ ಕುಳಿತೆ. ಎಲ್ಲಿಗೆ ಎಂದು ಡ್ರೈವರ್ ಕೇಳಲಿಲ್ಲ, ತಿರುಗಿಯೂ ನೋಡಲಿಲ್ಲ, ಗಾಡಿ ಬಿಟ್ಟ. ಓಣಿಯ ಬಾಯಲ್ಲಿದ್ದ ಇಬ್ಬರೂ ಪಕ್ಕಕ್ಕೆ ಸರಿದರು. ಅವರು ಗಾಡಿಯನ್ನು ನೋಡಿ ಸರಿದರೋ, ಸುಮ್ಮನೆ ಸರಿದರೋ ನನಗೆ ತಿಳಿಯದು.

ನಾಲ್ಕು ಉಸಿರು ಬಿಟ್ಟ ಮೇಲೆ ನನ್ನ ಕಿವಿ ಕೆಲಸ ಶುರು ಮಾಡಿತು. ಮೆಕ್ಯಾನಿಕ್ಕನ ಕಿವಿ, ಬೇಡವೆಂದರೂ ಕೇಳುತ್ತದೆ. ಹಿಂದಿನ ಎಡಗಾಲಿಯಲ್ಲಿ ಕಿರ್ ಎಂಬ ಸದ್ದು. ತಿರುವು ಬಂದಾಗ ಡ್ರೈವರ್ ಬ್ರೇಕನ್ನು ಎರಡು ಸಲ ಖಾಲಿ ಒತ್ತಿ ಮೂರನೆಯ ಸಲ ಹಿಡಿಸುತ್ತಿದ್ದ. ಅದಲ್ಲದೆ ಅವನು ಸೀಟಿನ ನಡುವೆ ಕೂತಿರಲಿಲ್ಲ. ಬಲಕ್ಕೆ ಸರಿದು, ಎಡಗಡೆ ಇನ್ನೊಬ್ಬರಿಗೆ ಜಾಗ ಬಿಟ್ಟು, ಸೊಂಟ ಓರೆ ಮಾಡಿ ಕೂತಿದ್ದ. ಆ ದೇಶದಲ್ಲಿ ಡ್ರೈವರನ ಪಕ್ಕ ಯಾರೂ ಕೂರುವುದಿಲ್ಲ. ಹಾಗೆ ಓರೆಯಾಗಿ ಕೂತು ಓಡಿಸುವವರು ಸುರಪುರ, ಹುಣಸಗಿ, ಶಹಾಪುರದ ದಾರಿಯಲ್ಲಿ ಮಂದಿ ತುಂಬಿಕೊಂಡು ಹೋಗುವ ನಮ್ಮವರು ಮಾತ್ರ.

ನಾನು ಸೀಟಿನ ಮೂಲೆಗೆ ಸರಿದುಕೊಂಡೆ. ಏಕೆಂದು ಹೇಳಬೇಕಾದರೆ ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಹೇಳಬೇಕು. ಈ ದೇಶಕ್ಕೆ ಬರುವ ಎರಡು ವರ್ಷ ಮೊದಲು, ಸುರಪುರದ ಮಲ್ಲಣ್ಣ ಎಂಬ ಆಟೋ ಡ್ರೈವರ್ ನನ್ನ ಅಂಗಡಿಗೆ ಬಂದಿದ್ದ. ಗೆಳೆಯನೆಂದೇ ಅನ್ನಬೇಕು. “ಅಣ್ಣಾ, ಬ್ರೇಕ್ ಎರಡ ಸಲ ಖಾಲಿ ಹೊಂಟದ. ಒಂದೀಟು ನೋಡ್ರಿ” ಎಂದ. ಅವತ್ತು ಅಮಾವಾಸ್ಯೆ. ನನಗೆ ಕೆಲಸ ಕಲಿಸಿದ ಉಸ್ತಾದ್ ಅಮಾವಾಸ್ಯೆಗೆ ಪಾನಾ, ಅಂದರೆ ಸ್ಪ್ಯಾನರ್, ಮುಟ್ಟುತ್ತಿರಲಿಲ್ಲ, ತೊಳೆದು ಪೂಜೆ ಮಾಡಿ ಇಡುತ್ತಿದ್ದರು. ನಾನೂ ಹಾಗೇ ನಡೆಸಿಕೊಂಡು ಬಂದಿದ್ದೆ. ನಂಬಿಕೆಯಲ್ಲ, ರೂಢಿ. “ಇವತ್ತ ಅಮಾಸಿ ಅದಲೋ ಮಾರಾಯಾ, ನಾಳಿಗಿ ಬಾ” ಎಂದೆ.

“ಅಮಾಸಿ ಅಂತ ಬ್ರೇಕಿಗಿ ಗೊತ್ತದೇನ್ರಿ?” ಎಂದು ನಕ್ಕು ಹೋದ. ಮರುದಿನ ನಸುಕಿನಲ್ಲಿ ಹುಣಸಗಿ ದಾರಿಯಲ್ಲಿ ಅವನ ಆಟೋ ಕಾಲುವೆಗೆ ಬಿತ್ತು. ಗಾಡಿಯಲ್ಲಿ ಅವನೊಬ್ಬನೇ ಇದ್ದ. ಮಣ್ಣಿಗೆ ಹೋಗಿ ಬಂದೆ. ಬ್ರೇಕಿನ ಮಾತು ಯಾರ ಹತ್ತಿರವೂ ಎತ್ತಲಿಲ್ಲ.

ಈಗ ಈ ಆಟೋ ಒಂದು ಕಡಿದಾದ ಇಳಿಜಾರಿಗೆ ಬಂತು. ಕೆಳಗೆ ದೊಡ್ಡ ರಸ್ತೆ, ಅದರಲ್ಲಿ ಲಾರಿಗಳು. ಡ್ರೈವರ್ ಬ್ರೇಕ್ ಒತ್ತಿದ. ಒಂದು, ಎರಡು, ಮೂರು. ಹಿಡಿಯಲಿಲ್ಲ. ಗಾಡಿ ದಡದಡ ಓಡತೊಡಗಿತು. ನಾನು ಕಂಬಿ ಹಿಡಿದು, ಎಲ್ಲಿದ್ದೇನೆಂಬುದನ್ನೂ ಮರೆತು ಕಿರುಚಿದೆ: “ಮಲ್ಲಣ್ಣಾ, ಗೇರ್ ಇಳಸೋ! ಗೇರ್ ಇಳಸು!”

ಎಡಗೈ ಹಿಡಿಕೆಯನ್ನು ತಿರುಗಿಸಿತು. ಗೇರ್ ಇಳಿಯಿತು, ಇಂಜಿನ್ ಗುರ್ ಎಂದು ಗಾಡಿಯನ್ನು ಹಿಡಿದುಕೊಂಡಿತು. ರಸ್ತೆಗೆ ಮಾರುದ್ದ ಇರುವಾಗ ನಿಂತಿತು. ಇಳಿಜಾರಿನಲ್ಲಿ ಯಾವ ಡ್ರೈವರನಾದರೂ ಗೇರ್ ಇಳಿಸುತ್ತಾನೆ, ಅದು ನನಗೂ ಗೊತ್ತು. ಆದರೆ ನಾನು ಹೇಳಿದ ಮೇಲೆ ಇಳಿಸಿದ. ಮುಖ ನೋಡಿದೆಯಾ ಎಂದು ನೀವು ಕೇಳುತ್ತೀರಿ. ಇಲ್ಲ. ಬಟ್ಟೆ ಅಲ್ಲಿಯವರದೇ, ತಲೆಗೆ ಕ್ಯಾಪ್ ಇತ್ತು. ಸ್ವಲ್ಪ ಮುಂದೆ ಬಗ್ಗಿದ್ದರೆ ಕಾಣುತ್ತಿತ್ತು. ನನ್ನಿಂದ ಬಗ್ಗಲಾಗಲಿಲ್ಲ.

ಅರ್ಧ ಗಂಟೆಯ ಮೇಲೆ ನಾನು ಇಳಿದುಕೊಂಡಿದ್ದ ವಸತಿಯ ಗೇಟಿನ ಮುಂದೆ ಆಟೋ ನಿಂತಿತು. ಆ ವಿಳಾಸ ನನ್ನ ಬಾಯಿಂದ ಬಂದಿರಲಿಲ್ಲ. ಇಳಿದೆ. ಬಾಡಿಗೆ ಕೊಡಲು ಜೇಬಿಗೆ ಕೈ ಹಾಕಿದೆ. ಆಟೋ ಮುಂದೆ ಹೋಗಿ, ಮೂಲೆಯಲ್ಲಿ ಕಿರ್ ಎಂದು ಸದ್ದು ಮಾಡಿ, ತಿರುಗಿತು. ಮಾಯವಾಗಲಿಲ್ಲ, ಎಲ್ಲ ಗಾಡಿಗಳ ಹಾಗೆ ಹೋಯಿತು.

ಮರುದಿನ ನಡೆದದ್ದು ಕೇಳಿ ಮಾರ್ತಾ ಮೊದಲು ಬೈದಳು, ಆಮೇಲೆ ನಕ್ಕಳು. ನನ್ನ ವಸತಿ ಇದ್ದ ಬಡಾವಣೆಗೆ ಆಟೋ ಬರುವಂತೆಯೇ ಇಲ್ಲ, ದೊಡ್ಡ ರಸ್ತೆಯಲ್ಲೇ ಪೊಲೀಸರು ಹಿಡಿಯುತ್ತಾರೆ ಎಂದಳು. ಗೇಟಿನ ಕಾವಲುಗಾರ ಬಂದ ಗಾಡಿಯನ್ನೆಲ್ಲ ಬರೆದಿಡುತ್ತಾನೆ. ನನ್ನ ಹೆಸರಿನ ಮುಂದೆ ‘ನಡೆದು ಬಂದರು’ ಎಂದು ಬರೆದಿದ್ದ. ಅವನು ಆ ಹೊತ್ತಿಗೆ ತಲೆ ತಗ್ಗಿಸಿ ಬರೆಯುತ್ತಿದ್ದನೋ ಏನೋ. ಹೆದರಿದ ಮನುಷ್ಯನಿಗೆ ಏನೇನೋ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ಅಷ್ಟು ದೂರ ದಾರಿ ಗೊತ್ತಿಲ್ಲದ ನಾನು ನಡೆದು ಬಂದದ್ದು ಹೇಗೆ?

ಊರಿಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ, ಅಮಾವಾಸ್ಯೆಯ ಮಾತನ್ನೂ. ಅವಳು, “ನನಗ್ಯಾಕ ಹೇಳ್ತೀರಿ? ಹೇಳಬೇಕಾದವರಿಗಿ ಹೇಳ್ರಿ” ಎಂದಳು. ವಾರ ಕಳೆದು ಸುರಪುರದ ಬಸ್ ಹತ್ತಿದೆ.

ಮಲ್ಲಣ್ಣನ ಹೆಂಡತಿ ದೇವಮ್ಮ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು, ಅವನನ್ನು ಹಿಂದಕ್ಕೆ ಕಳಿಸಿದ್ದು ನಾನೇ ಎಂದೆ. ಮೊರದಿಂದ ಕಣ್ಣು ತೆಗೆಯದೆ, “ಗೊತ್ತದರಿ. ಅವತ್ತೇ ಮನಿಗಿ ಬಂದು ಹೇಳ್ಯಾನ. ಅಣ್ಣ ಅಮಾಸಿ ಅಂತ ಪಾನಾ ಮುಟ್ಟಲಿಲ್ಲ ಅಂತ” ಎಂದಳು. ಇಷ್ಟು ದಿನ ಗೊತ್ತಿದ್ದೂ, ನಾನು ಬಂದಾಗಲೆಲ್ಲ ಚಹಾ ಮಾಡಿಕೊಟ್ಟವಳು. “ಸಿಟ್ಟಿಲ್ಲೇನವ್ವಾ?” ಎಂದೆ. “ಸಿಟ್ಟದರಿ. ಇಲ್ಲ ಅಂತ ಯಾಕ ಹೇಳಲಿ” ಎಂದಳು. ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ.

ಆಮೇಲೆ ಆ ದೇಶದಲ್ಲಿ ನಡೆದದ್ದನ್ನು ಹೇಳಿದೆ. ಅವಳ ಕೈ ನಿಂತಿತು. ಕೂತದ್ದು ಹೇಗೆ, ಎಡಗಡೆ ಜಾಗ ಬಿಟ್ಟಿದ್ದನೇ, ಮಾತಾಡಿದನೇ ಎಂದು ಒಂದೊಂದೇ ಕೇಳಿದಳು. ನಾನು ಹೇಳಿದೆ. ಅವಳು ನಂಬಿದಳು. ನನಗಿಂತ ಹೆಚ್ಚು ನಂಬಿದಳು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೇರವಾಗಿ ನೋಡಿದಳು.

“ಅಷ್ಟು ದೂರ ಹೋಗಿ ನಿಮ್ಮನ್ನ ಬಾಗಿಲಿಗಿ ಮುಟ್ಟಿಸ್ಯಾನ” ಎಂದಳು. “ನಮ್ಮ ಮನಿಗಿ ಯಾಕ ಬರ್ಲಿಲ್ರಿ?”