ಅಡಿಗೆ ಮನೆಯ ಬಿಳಿ ಫರಸಿ

ನಿಪ್ಪಾಣಿಯ ಆ ಅಂಗಡಿಯಲ್ಲಿ ಆಗತಾನೇ ಕೊಯ್ದ ಕಲ್ಲಿನ ಹಸಿ ವಾಸನೆ ತುಂಬಿತ್ತು. ನಮ್ಮ ಅಡಿಗೆ ಮನೆಗೆ ಹೊಸ ನೆಲ ಹಾಕಿಸಬೇಕಿತ್ತು. ಅಂಗಡಿಯವನು ಬಿಳಿ ಮಾರ್ಬಲ್ಲನ್ನು ಪಕ್ಕಕ್ಕೆ ಸರಿಸಿ, ಬೂದು ಚುಕ್ಕೆಗಳ ಟೈಲೊಂದನ್ನು ಎತ್ತಿ ಹಿಡಿದ. "ಇದನ್ನ ಒಯ್ರಿ ಅಕ್ಕಾರ. ಇದರ ಮ್ಯಾಲ ಏನ್ ಬಿದ್ರೂ ಕಾಣೂದಿಲ್ಲ." ಅವನು ಹೊಗಳಿಯೇ ಹೇಳಿದ್ದ. ನನಗೆ ಮಾತ್ರ ಕಾಗವಾಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕು ನೆನಪಾದರು. ಎಲ್ಲವೂ ಕಾಣುವ ನೆಲ ಬೇಕೆಂದು ಮನೆಯವರೊಂದಿಗೆ ಜಗಳ ತೆಗೆದ ಹೆಂಗಸು ಅವರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮದುವೆಯಾಗಿ ಆ ಓಣಿಗೆ ಬಂದು ಎರಡು ವರ್ಷವಾಗಿತ್ತೇನೋ... ಮೂರೂ ಇರಬಹುದು. ಕಾಕುವಿನದು ದ್ರಾಕ್ಷಿ ತೋಟವಿದ್ದ ಜೈನ ಮನೆತನ. ಹಳೆಯ ಮನೆಯ ನೆಲಕ್ಕೆಲ್ಲ ಕರಿ ಶಹಾಬಾದ್ ಕಲ್ಲಿನ ಫರಸಿ. ಒಲೆ, ಪಾತ್ರೆ, ಮಣೆ ಎಲ್ಲ ನೆಲದ ಮೇಲೆಯೇ. ಒಂದು ಮಳೆಗಾಲ ಊರಲ್ಲಿ ತಂಗಿದ್ದ ಮುನಿಗಳು ಅವರ ಮನೆಗೆ ಆಹಾರಕ್ಕೆ ಬಂದರು. ಮಹಾರಾಜರು ಎನ್ನುತ್ತಿದ್ದರು ಅವರನ್ನು. ದಿನಕ್ಕೆ ಒಂದೇ ಊಟ, ಅದೂ ನಿಂತುಕೊಂಡು, ಜೋಡಿಸಿದ ಅಂಗೈಯಲ್ಲಿ. ನೀರೂ ಅದೇ ಹೊತ್ತಿಗೆ. ಎರಡನೆಯ ತುತ್ತಿಗೋ ಮೂರನೆಯದಕ್ಕೋ ಅನ್ನದಲ್ಲಿ ಸತ್ತ ಇರುವೆ ಕಂಡಿತು. ತುತ್ತಿನಲ್ಲಿ ಸತ್ತ ಜೀವಿ ಕಂಡರೆ ಆ ದಿನದ ಊಟ ಅಲ್ಲಿಗೇ ಮುಗಿಯಿತು. ಮಹಾರಾಜರು ಜೋಡಿಸಿದ ಕೈ ಬಿಟ್ಟು ಹೊರಟುಹೋದರು. ಇನ್ನು ಮರುದಿನದವರೆಗೆ ಅವರಿಗೆ ಹನಿ ನೀರೂ ಇಲ್ಲ.

ಕಾಕುವೂ ಅಂದು ನೀರು ಮುಟ್ಟಲಿಲ್ಲ. "ಕರಿ ನೆಲದಾಗ ಇರುವಿ ಸಾಲು ನನಗ ಕಾಣಲೇ ಇಲ್ಲಬೇ" ಎಂದು ನನ್ನೆದುರು ಒಂದೇ ಒಂದು ಸಲ ಹೇಳಿದರು.

ಮುಂದೆ ಹೊಸ ಮನೆ ಕಟ್ಟಿಸಿದಾಗ ಅವರ ಯಜಮಾನರು, ನಮಗೆಲ್ಲ ಕಾಕಾ, ಪಡಸಾಲೆಗೆಂದು ರಾಜಸ್ಥಾನದ ಬಿಳಿ ಅಮೃತಶಿಲೆ ತರಿಸಿದರು. ಅಲ್ಲಿಯವರೆಗೆ ಆ ಕಲ್ಲನ್ನು ನಾವು ನೋಡಿದ್ದು ಬಸದಿಯಲ್ಲಿ, ಮೂರ್ತಿಯಾಗಿ, ಇಲ್ಲವೇ ಮೂರ್ತಿಯ ಮುಂದಿನ ನೆಲವಾಗಿ. ಲಾರಿಯಿಂದ ಇಳಿಸುವಾಗ ಓಣಿಯ ಹೆಂಗಸರೆಲ್ಲ ಹೋಗಿ ಮುಟ್ಟಿ ಬಂದೆವು. ಬಿಸಿಲಲ್ಲಿದ್ದರೂ ತಣ್ಣಗಿತ್ತು. ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದು, "ಇದು ಅಡಿಗಿ ಮನಿಗೆ" ಅಂದರು.

"ತಲಿ ಕೆಟ್ಟೈತೇನ? ಅಡಿಗಿ ಮನ್ಯಾಗ ಬಂದು ಯಾರ ನೋಡ್ತಾರ?" ಅಂದರು ಕಾಕಾ.

"ಮಂದಿ ನೋಡೂದು ಬ್ಯಾಡ. ನನಗ ಕಾಣಬೇಕು."

"ದೇವರ ಮೂರ್ತಿ ಮಾಡೂ ಕಲ್ಲದು. ಅದರ ಮ್ಯಾಲ ಕುಂತು ಕಾಯಿಪಲ್ಯಾ ಹೆಚ್ಚತೀ?"

"ಪಡಸಾಲ್ಯಾಗ ಹಾಕಿದ್ರ ನಿಮ್ಮ ದ್ರಾಕ್ಷಿ ವ್ಯಾಪಾರಿಗಳು ಚಪ್ಪಲ್ ಹಾಕ್ಕೊಂಡು ತುಳೀತಾರ. ಒಳಗ ತುಳಿಯಾಕಿ ನಾ ಒಬ್ಬಾಕಿ, ಅದೂ ಬರಿಗಾಲ್ಲೆ."

ಮೇಸ್ತ್ರಿ ನಡುವೆ ಬಾಯಿ ಹಾಕಿದ. "ಹುಣಸಿಹುಳಿ ಬಿದ್ರ ಈ ಕಲ್ಲು ಸುಡತೈತ್ರಿ ಕಾಕು. ಅರಿಷಿಣ ಹೀರತೈತಿ. ವರ್ಷದಾಗ ನೋಡಾಕ ಆಗೂದಿಲ್ಲ."

"ನಾ ಏನ್ ಕಲ್ಲು ನೋಡಾಕ ಹಾಕಸಾಕತ್ತೇನೇನು?"

ಕೊನೆಗೆ ಪಡಸಾಲೆಗೆ ಶಹಾಬಾದ್, ಅಡಿಗೆ ಮನೆಗೆ ಅಮೃತಶಿಲೆ. ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ; ನಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಮೇಸ್ತ್ರಿ ಹೇಳಿದ್ದೂ ನಿಜವಾಯಿತು. ವರ್ಷ ತುಂಬುವ ಮೊದಲೇ ಒಲೆಯ ಸುತ್ತ ಹುಳಿಯ ಕಲೆಗಳು ಮೂಡಿದವು. ಕಾಕು ಅದಕ್ಕೆ ಕ್ಯಾರೇ ಅನ್ನಲಿಲ್ಲ.

ಅವರನ್ನು ಕಾಡಿದ್ದು ಬೇರೆ. ಬಿಳಿ ನೆಲದ ಮೇಲೆ ಇರುವೆಗಳು ಕಂಡವು. ಎಷ್ಟು ಕಂಡವೆಂದರೆ ಅವರಿಗೆ ಹೆಜ್ಜೆ ಇಡುವುದೇ ಕಷ್ಟವಾಯಿತು. ಒಂದು ಮುಂಜಾನೆ ಹೆಪ್ಪಿಗೆಂದು ಮೊಸರು ಕೇಳಲು ಹೋದರೆ, ಅಡಿಗೆ ಮನೆಯ ನಡುವೆ ಒಂದು ಕಾಲೆತ್ತಿ ಗೋಡೆ ಹಿಡಿದು ನಿಂತಿದ್ದರು. "ಅಲ್ಲೇ ನಿಂದ್ರ. ಅವು ದಾಟ್ಲಿ," ಅಂದರು. ಕೊಕ್ಕರೆಯಂತೆ ನಿಂತ ಅವರನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. "ಇಷ್ಟ ವರ್ಷ ಕರಿ ನೆಲದ ಮ್ಯಾಲ ಎಷ್ಟ ತುಳದಿರಬೇಕಬೇ..."

ಮುಂದಿನ ಒಂದು ಮಳೆಗಾಲ ಅದೇ ಮಹಾರಾಜರು ಊರಿಗೆ ಬಂದರು. ದಿನವೂ ಮುಂಜಾನೆ ಅವರನ್ನು ಆಹಾರಕ್ಕೆ ಕರೆಯಲೆಂದು ಕಾಕು ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಹಾರಾಜರು ಮುಂದೆ ನಡೆದುಬಿಡುತ್ತಿದ್ದರು. ಒಂದು ದಿನ ನಿಂತರು, ಒಳಗೆ ಬಂದರು. ಕಾಕು ಪಾದ ಕದಲಿಸದೆ ಒಂದೇ ಜಾಗದಲ್ಲಿ ನಿಂತು, ತುತ್ತು ತುತ್ತನ್ನೂ ಬೆಳಕಿಗೆ ಹಿಡಿದು ನೋಡಿ ಬಡಿಸಿದ್ದನ್ನು ನಾನು ಹಿತ್ತಲ ಕಿಟಕಿಯಿಂದ ಕಂಡೆ... ಹೀಗೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಆ ಗೋಡೆಗೆ ಕಿಟಕಿಯೇ ಇಲ್ಲ. ಹಾಗಾದರೆ ಅದು ಕೇಳಿದ ಮಾತು, ಕಂಡದ್ದಲ್ಲ. ನೆನಪು ತನಗೆ ಬೇಕಾದಲ್ಲಿ ಕಿಟಕಿ ಕೊರೆದುಕೊಳ್ಳುತ್ತದೆ. ನಾನು ಕಂಡದ್ದು ಇಷ್ಟು: ಆಮೇಲೆ ಕಾಕು ಹಿತ್ತಲ ಬಾಗಿಲಿಗೆ ಬಂದು ಕಟ್ಟೆಯ ಮೇಲೆ ಕುಸಿದು ಕೂತರು. "ಕಡೀತನಕ ಕೈ ಬಿಡಲಿಲ್ಲಬೇ" ಅಂದರು. ಎರಡು ಸಲ ಅಂದರು. ಇದರಲ್ಲಿ ನನಗೆ ಸಂಶಯವಿಲ್ಲ.

ಕಾಕು ತೀರಿಕೊಂಡು ಬಹಳ ವರ್ಷಗಳಾದವು. ಮಕ್ಕಳು ತೋಟದ ಮನೆಗೆ ಹೋಗಿದ್ದಾರೆ. ಊರ ಮನೆಯಲ್ಲಿ ಬಾಡಿಗೆಯವರು. ನಿಪ್ಪಾಣಿಯ ಅಂಗಡಿಯಿಂದ ಏನೂ ಕೊಳ್ಳದೆ ಬಂದ ಮರುವಾರ ಕಾಗವಾಡಕ್ಕೆ ಹೋದೆ. ಕಿಟಕಿ ಇಲ್ಲವೆಂದು ತಿಳಿದದ್ದು ಅಂದೇ. ಬಾಡಿಗೆಯ ಹುಡುಗಿ ಪ್ರೀತಿಯಿಂದ ಕರೆದಳು. ನಾನು ಅಡಿಗೆ ಮನೆಯ ಹೊಸ್ತಿಲಲ್ಲೇ ಬಗ್ಗಿ ನಿಂತೆ.

"ಏನ್ ನೋಡಾಕತ್ತೀರಿ ಅಕ್ಕಾರ?"

"ಇರುವಿ."

"ಒಂದೂ ಇಲ್ಲರಿ. ತಿಂಗಳಾ ಔಷಧ ಹೊಡೀತೇವಿ," ಅಂದಳು, ಹೆಮ್ಮೆಯಿಂದ.

ಅವಳು ಹೇಳಿದಂತೆಯೇ ಇತ್ತು. ಬಿಳಿ ನೆಲದಲ್ಲಿ ಯಾವುದೂ ಹರಿದಾಡುತ್ತಿರಲಿಲ್ಲ. ನಾನು ಒಳಗೆ ನಡೆದೆ. ಕಾಲನ್ನು ಎಲ್ಲಿ ಬೇಕಾದರೂ ಇಡಬಹುದಾಗಿತ್ತು.