ಒಮ್ಮೆ ಕಟ್ಟಿದ್ದು, ಎಲ್ಲ ಯಂತ್ರಗಳಿಗೂ

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಕಟ್ಟುವವರ ಸಾಲಿನಲ್ಲಿ, ನಾವೆಲ್ಲ 'ಅಕ್ಕ' ಎಂದೇ ಕರೆಯುತ್ತ ಬಂದ ಹಿರಿಯರ ಸ್ಥಾನ ಮೇಲ್ಪಂಕ್ತಿಯದು. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಹೊಸದನ್ನು ಕಂಡುಹಿಡಿದೆನೆಂದು ಅವರು ಒಮ್ಮೆಯೂ ಹೇಳಿಕೊಂಡವರಲ್ಲ. ಮಾಡಿದ್ದನ್ನೇ ಮತ್ತೆ ಮಾಡುವ ನಮ್ಮ ಚಾಳಿಯನ್ನು ಬಿಡಿಸಿದವರು.

ಅವರು ಸೇವೆಗೆ ಸೇರಿದಾಗ ನಮ್ಮ ಸಿಸ್ಟಮ್ ಮೂರು ಜಾತಿಯ ಪ್ರೊಸೆಸರುಗಳ ಮೇಲೆ ಓಡಬೇಕಿತ್ತು. ಪ್ರತಿ ಪ್ಯಾಕೇಜನ್ನೂ, ಅಂದರೆ ಸಿಸ್ಟಮ್ಮಿನ ಒಂದೊಂದು ಭಾಗದ ಕಡತಗಳ ಗಂಟನ್ನೂ, ಮೂರು ಸಲ ಕಟ್ಟಿ, ಮೂರು ಸಲ ಪರೀಕ್ಷಿಸಿ, ಮೂರು ಕಡೆ ಇಡುತ್ತಿದ್ದರು. ಫಾಂಟು, ಕೈಪಿಡಿ, ಚಿತ್ರಗಳಿಗೂ ಅದೇ ಗತಿ. "ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗಾಯ್ತಲ್ರೀ ನಮ್ಮ ಬಾಳು! ಚಿತ್ರಕ್ಕೆ ಪ್ರೊಸೆಸರ್ ಯಾವುದಾದ್ರೇನು?" ಎಂದು ನಕ್ಕ ಅಕ್ಕ ಒಂದೊಂದೇ ಪ್ಯಾಕೇಜು ಬಿಚ್ಚಿ, ಯಂತ್ರದ ಹಂಗಿಲ್ಲದ್ದನ್ನೆಲ್ಲ ಬೇರ್ಪಡಿಸಿದರು. ಕಿಟಕಿ ಪಕ್ಕದ ಕರಿಹಲಗೆಯ ಮೇಲೆ ಅವರ ದುಂಡಕ್ಷರದಲ್ಲಿ 'ಎಲ್ಲಕ್ಕೂ' ಎಂಬ ಪಟ್ಟಿ ಬೆಳೆಯಿತು. ಪ್ರತಿ ಹೊಸ ಆವೃತ್ತಿಗೆ ಹಿಡಿಯುತ್ತಿದ್ದ ಒಂಬತ್ತು ದಿನಗಳ ಕೆಲಸ ನಾಲ್ಕಕ್ಕೆ ಇಳಿಯಿತು. ಆ ಕೋಣೆ, ಆ ಸೀಮೆಸುಣ್ಣದ ಧೂಳು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಹಳೆಯ ಜಾತಿಯ ಯಂತ್ರಗಳನ್ನು ಕೈಬಿಡಬೇಕೆಂದು ಮುಖ್ಯಸ್ಥರು ಹಟ ಹಿಡಿದಿದ್ದರು. ಅವು ಇದ್ದದ್ದು ಹೆಚ್ಚಾಗಿ ಶಾಲೆಗಳಲ್ಲಿ. ಉಳಿತಾಯವಾದ ದಿನಗಳಲ್ಲಿ ಅವನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿ ಅಕ್ಕ ಒಂದು ವರ್ಷದ ಗಡುವು ಪಡೆದರು. ಗಡುವು ಮುಗಿಯುವ ವಾರವೇ ಎಡವಟ್ಟಾಯಿತು. ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬ ನಿಘಂಟಿನ ಪ್ಯಾಕೇಜನ್ನು ತನ್ನ ಮೇಜಿನ ಹೊಸ ಯಂತ್ರದಲ್ಲಷ್ಟೇ ತೆರೆದು ನೋಡಿ, 'ಎಲ್ಲಕ್ಕೂ' ಪಟ್ಟಿಗೆ ಸೇರಿಸಿಬಿಟ್ಟ. ಅದರೊಳಗೆ ಪದ ಹುಡುಕುವ ಪುಟ್ಟ ಪ್ರೋಗ್ರಾಮೊಂದಿತ್ತು; ಅದು ಹೊಸ ಯಂತ್ರಕ್ಕೆಂದೇ ಕಟ್ಟಿದ್ದು. ಶಾಲೆಗಳಲ್ಲಿ ನಿಘಂಟು ತೆರೆಯಲೇ ಇಲ್ಲ.

"ಯಾರ ಕೆಲಸ ಇದು?" ಮುಖ್ಯಸ್ಥರು ಗುಡುಗಿದರು.

"ನಾನು ನೋಡ್ಬೇಕಿತ್ತು ಸರ್, ನೋಡ್ಲಿಲ್ಲ. ತಪ್ಪು ನಂದೇ. ಊಟದ ಹೊತ್ತಿಗೆ ಸರಿ ಮಾಡ್ತೀನಿ" ಎಂದರು ಅಕ್ಕ.

ಪ್ಯಾಕೇಜನ್ನು ಎರಡಾಗಿ ಒಡೆದರು. ಪದಗಳ ರಾಶಿ ಎಲ್ಲಕ್ಕೂ ಒಂದೇ. ಮೂರು ಸಲ ಕಟ್ಟಬೇಕಾದದ್ದು ಆ ಪುಟ್ಟ ಪ್ರೋಗ್ರಾಮು ಮಾತ್ರ. ಊಟಕ್ಕೆ ಮುಂಚೆಯೇ ನಿಘಂಟು ತೆರೆದುಕೊಂಡಿತು. ಮುಖ್ಯಸ್ಥರು ಹಳೆಯ ಯಂತ್ರಗಳನ್ನು ಕೈಬಿಡುವ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಆದರೆ ಆ ವರ್ಷ ಅಕ್ಕನಿಗೆ ಬರಬೇಕಿದ್ದ ಬಡ್ತಿ ಇನ್ನೊಬ್ಬರ ಪಾಲಾಯಿತು. ಸಹೋದ್ಯೋಗಿಯನ್ನು ಕರೆದು ಅಕ್ಕ ಅಂದದ್ದು ಇಷ್ಟೇ: "ಇನ್ಮೇಲೆ ಹಳೇ ಮಿಷಿನ್‌ನಲ್ಲೂ ಒಂದ್ಸಲ ನೋಡಪ್ಪ."

ಅಕ್ಕನವರಿಗೆ ಆಯುರಾರೋಗ್ಯವಿರಲಿ, ಕೈತುಂಬ ಕೆಲಸವಿರಲಿ, ಅವರ ನಗು ನಮ್ಮ ಕಿವಿಗೆ ಬೀಳುತ್ತಲೇ ಇರಲಿ. ಆ ಸಹೋದ್ಯೋಗಿ ಈ ಲೇಖನ ಬರೆಯುತ್ತಿರುವವನೇ. ಹದಿನೆಂಟು ವರ್ಷ ತುಟಿ ಬಿಚ್ಚದೆ ಕುಳಿತಿದ್ದವನು ಇಂದು ಅಚ್ಚಿನಲ್ಲಿ, ಎಲ್ಲರೆದುರು ಹೇಳುತ್ತಿದ್ದೇನೆ: ಅಕ್ಕ, ಆ ತಪ್ಪು ನನ್ನದು.